ಮಾನಿಟರಿಗೆ ಅತ್ತೆಯ ಕೈಗುಣ

ನಾನಿರುವ ತನಕ ನಮ್ಮ ಮನೆಯಿಂದ ಒಂದು ವಸ್ತುವೂ ನ್ಯಾಯವಾದ ವಿಚಾರಣೆಯಿಲ್ಲದೆ ಹೊರಗೆ ಹೋಗಕೂಡದು ಎಂಬುದು ನನ್ನ ಘೋರ ಪ್ರತಿಜ್ಞೆ. ಬಾಯಿಮಾತಿನ ಪ್ರತಿಜ್ಞೆಯಲ್ಲ, ಅನುಭವದ ಬಲವಿದೆ. ನಾನು ಆಫೀಸಿನಲ್ಲಿ ಸ್ಟೋರ್ ಕೀಪರ್. ನಮ್ಮಲ್ಲಿ ಒಂದು ಗುಂಡುಸೂಜಿ ಡೊಂಕಾದರೂ ಅದನ್ನು ಎಸೆಯುವ ಮುನ್ನ ಮೂವರ ಸಮಿತಿ ಕೂಡಬೇಕು. ಮೂವರೂ ಆ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಬೇಕು, ತಲೆಯಾಡಿಸಬೇಕು, ಆಮೇಲೆ 'ರಿಪೇರಿಯೋ, ಹೊಸದೋ' ಎಂದು ತೀರ್ಪು ಕೊಡಬೇಕು. ಆ ಸಮಿತಿಗೆ ಅಧ್ಯಕ್ಷ ನಾನು. ನನ್ನ ಅಧ್ಯಕ್ಷತೆಯಲ್ಲಿ ಇದುವರೆಗೆ ಯಾವ ವಸ್ತುವಿಗೂ ಮರಣದಂಡನೆ ಆಗಿಲ್ಲ.

ಆದ್ದರಿಂದಲೇ ನಮ್ಮ ಸ್ಟೋರಿನಲ್ಲಿ ಮೂರು ಕಾಲಿನ ಕುರ್ಚಿಗಳು ಗೋಡೆಗೆ ಒರಗಿಕೊಂಡು, ರೆಕ್ಕೆ ಕಳೆದುಕೊಂಡ ಫ್ಯಾನುಗಳು ಒಂದರ ಮೇಲೊಂದು ಮಲಗಿಕೊಂಡು ತೀರ್ಪಿಗಾಗಿ ಕಾಯುತ್ತಿವೆ. ನಾನು ಒಳಗೆ ಕಾಲಿಟ್ಟರೆ ಅವೆಲ್ಲ ನನ್ನ ಕಡೆ ಕೃತಜ್ಞತೆಯಿಂದ ನೋಡುತ್ತವೆ ಎಂದು ಎಷ್ಟೋ ಸಲ ಅನಿಸಿದೆ. ಸಮಿತಿಯ ಇನ್ನೊಬ್ಬ ಸದಸ್ಯನಾದ ನನ್ನ ಸಹೋದ್ಯೋಗಿ ಇದನ್ನು ಒಪ್ಪುವುದಿಲ್ಲ. "ಕೃತಜ್ಞತೆ ಅಲ್ಲ ಸಾರ್ ಅದು. ನೆಮ್ಮದಿಯಾಗಿ ಸಾಯೋಕೆ ಬಿಡಿ ಅಂತ ಕೇಳ್ಕೊಳ್ತಾ ಇವೆ" ಎನ್ನುತ್ತಾನೆ. ಅಸೂಯೆ, ಬೇರೇನಿಲ್ಲ.

ಹೀಗಿರುವಾಗ ಮನೆಯ ಕಂಪ್ಯೂಟರಿನ ಮಾನಿಟರ್ ಕೈಕೊಟ್ಟಿತು. ಕೊಟ್ಟದ್ದು ನನಗಲ್ಲ, ನನ್ನ ಹೆಂಡತಿಗೆ. ಅವಳು ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವವಳು. ಬಹಳ ಕಾಲ ಒಬ್ಬ ಇಂಜಿನಿಯರ್ ಬಳಿ ಕೆಲಸಕ್ಕಿದ್ದಳು. ನಕ್ಷೆಯೆಲ್ಲ ಇವಳದು, ನಕ್ಷೆಯ ಕೆಳಗಿನ ಹೆಸರು ಮಾತ್ರ ಅವರದು. ಈಚೆಗೆ ಅದನ್ನು ಬಿಟ್ಟು, ನಮ್ಮ ನಡುಮನೆಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಸ್ವಂತವಾಗಿ ಶುರುಮಾಡಿದ್ದಳು. ಮೊದಲ ಗಿರಾಕಿಯಾಗಿ ಒಬ್ಬ ಹಲ್ಲಿನ ಡಾಕ್ಟರು ಸಿಕ್ಕಿದ್ದರು. ಮುಂದೆ ಕ್ಲಿನಿಕ್, ಹಿಂದೆ ಮನೆ, ಹೀಗೊಂದು ಕಟ್ಟಡ ಅವರಿಗೆ ಬೇಕಿತ್ತು. ಬರುವ ಭಾನುವಾರ ಅವರು ನಮ್ಮ ಮನೆಗೇ ಬಂದು ನಕ್ಷೆಯನ್ನು ಪರದೆಯ ಮೇಲೆ ನೋಡುವುದೆಂದು ಮಾತಾಗಿತ್ತು. ಒಪ್ಪಿದರೆ ಕೆಲಸ ಇವಳದು. ಒಪ್ಪದಿದ್ದರೆ ಇವಳು ಹಳೆಯ ಇಂಜಿನಿಯರ್ ಮುಂದೆ ಹೋಗಿ ನಿಲ್ಲಬೇಕು. ಕೆಲಸ ಬಿಟ್ಟ ದಿನ ಆ ಮಹಾನುಭಾವರು, "ಹೋಗಿಬನ್ನಿ, ನಿಮ್ಮ ಕುರ್ಚಿ ಖಾಲಿ ಇಟ್ಟಿರ್ತೀನಿ" ಎಂದು ನಕ್ಕಿದ್ದರಂತೆ. ಆ ನಗು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತ್ತು.

ಸೋಮವಾರ ಬೆಳಿಗ್ಗೆ ಅವಳು ಹೇಳಿದಳು:

"ರೀ, ಮಾನಿಟರ್ ಆಗಾಗ ಕಪ್ಪಾಗ್ತಾ ಇದೆ. ಹೊಸದು ತಂದುಬಿಡೋಣ."

"ತಂದುಬಿಡೋಣ ಅನ್ನೋದು ತೀರ್ಪು. ತೀರ್ಪಿಗೆ ಮುಂಚೆ ವಿಚಾರಣೆ ಆಗಬೇಕು."

"ಇದು ನಿಮ್ಮ ಆಫೀಸಲ್ಲ."

"ಈ ಮನೆಯ ದೊಡ್ಡ ಕೊರತೆಯೇ ಅದು."

ಅವಳು ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿದಳು. ಆ ನೋಟದಲ್ಲಿ ನನ್ನನ್ನೂ ರಿಪೇರಿಯೋ ಹೊಸದೋ ಎಂದು ಅಳೆಯುತ್ತಿದ್ದ ಹಾಗಿತ್ತು. ನಾನು ಜಗ್ಗಲಿಲ್ಲ. ಅಲ್ಲೇ, ಆ ಕ್ಷಣವೇ ಮನೆಮಟ್ಟದ ಸಮಿತಿಯನ್ನು ರಚಿಸಿದೆ. ಅಧ್ಯಕ್ಷ ನಾನು. ಸದಸ್ಯರು ಇಬ್ಬರು: ಕಾಲೇಜಿಗೆ ಹೋಗುವ ನನ್ನ ಮಗಳು, ಮತ್ತು ನನ್ನ ಅತ್ತೆ. ಹೆಂಡತಿಗೆ ಸದಸ್ಯತ್ವ ಕೊಡಲಿಲ್ಲ. ವಸ್ತುವನ್ನು ಬಳಸುವವರು ಅದರ ವಿಚಾರಣೆಯಲ್ಲಿ ಕೂರುವಂತಿಲ್ಲ ಎಂಬುದು ನಿಯಮ.

"ಅಜ್ಜಿಗೆ ಕಂಪ್ಯೂಟರ್ ಬಗ್ಗೆ ಏನಪ್ಪ ಗೊತ್ತು?" ಎಂದಳು ಮಗಳು.

"ಏನೂ ಗೊತ್ತಿಲ್ಲದವರೇ ಸಮಿತಿಗೆ ಬೇಕು. ಗೊತ್ತಿರೋರು ಬಂದ್ರೆ ವಿಚಾರಣೆ ಬೇಗ ಮುಗಿದುಹೋಗುತ್ತೆ."

ಅತ್ತೆ ಎಂದರೆ ಹೆಂಡತಿಯ ತಾಯಿ, ನಮ್ಮ ಜೊತೆಯಲ್ಲೇ ಇರುವವರು. ಮಾತು ಕಡಿಮೆ. ಕಡಿಮೆ ಎಂದರೆ, ಅವರು ಆಡಿದ್ದು ಎಷ್ಟೋ ಗೊತ್ತಿಲ್ಲ, ನಾವು ಕೇಳಿಸಿಕೊಂಡದ್ದು ಕಡಿಮೆ. ಊಟಕ್ಕೆ ಕರೆದರೆ ಬರುವರು, ಟೀವಿ ಆರಿಸಿದರೆ ಎದ್ದು ಹೋಗುವರು. ಮಗಳು ಫೋನಿನಲ್ಲಿ, ಹೆಂಡತಿ ನಕ್ಷೆಯಲ್ಲಿ, ನಾನು ನನ್ನ ಘನತೆಯಲ್ಲಿ ಮುಳುಗಿರುವಾಗ ಅವರು ಬೆತ್ತದ ಕುರ್ಚಿಯಲ್ಲಿ ಕೂತಿರುವರು. ಸಮಿತಿಯ ಸದಸ್ಯತ್ವ ಎಂದಾಗ ಮಾತ್ರ ಕನ್ನಡಕ ಒರೆಸಿ ಹಾಕಿಕೊಂಡು ನೆಟ್ಟಗೆ ಕುಳಿತರು. ನನಗೆ ಅದು ಬಹಳ ಹಿಡಿಸಿತು.

ಮೊದಲ ಕೆಲಸ, ಮಾನಿಟರಿನ ಹಿಂಭಾಗಕ್ಕೆ ಅಗಲವಾದ ಕಂದು ಟೇಪು ಸುತ್ತಿ ಸೀಲು ಮಾಡಿದೆ. ವಿಚಾರಣೆಯಲ್ಲಿರುವ ವಸ್ತುವಿನ ಮೈ ಯಾರೂ ಮುಟ್ಟಬಾರದು.

"ಅಪ್ಪ, ಮೊದಲು ವೈರ್ ಸರಿಯಾಗಿ ಕೂತಿದೆಯಾ ನೋಡು" ಎಂದಳು ಮಗಳು.

"ನೋಡೋದೇನಿದೆ? ಹೋದ ವಾರ ಧೂಳು ಹೊಡೆದ ಮೇಲೆ ನಾನೇ ನನ್ನ ಕೈಯಾರೆ ಸಿಕ್ಕಿಸಿದ್ದು. ಸ್ಟೋರ್ ಕೀಪರ್ ಕೈ ಇದು."

ಹೆಂಡತಿ ಹಣೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಸಮಿತಿ ಸೇರಿತು. ಆರಂಭದಲ್ಲಿ ಅಧ್ಯಕ್ಷರ ಭಾಷಣ, ಅಂದರೆ ನನ್ನದು. ಹಳೆಯ ವಸ್ತುಗಳ ಬಗ್ಗೆ ಮನುಷ್ಯನಿಗಿರಬೇಕಾದ ದಯೆಯ ಕುರಿತು ಮಾತಾಡಿದೆ. ಮಗಳು ಆಕಳಿಸಿದಳು. ಆಮೇಲೆ ಪರೀಕ್ಷೆ. ವೈದ್ಯರು ರೋಗಿಯ ಬೆನ್ನು ತಟ್ಟುವ ಹಾಗೆ ಮಾನಿಟರಿನ ನೆತ್ತಿಯನ್ನು ತಟ್ಟಿದೆ. ಕಪ್ಪೇ. ಕಿವಿ ಇಟ್ಟು ಕೇಳಿದೆ. ನಿಶ್ಶಬ್ದ. ಮಗಳು ತಟ್ಟಿದಳು, ಏನೂ ಆಗಲಿಲ್ಲ. ಇನ್ನೇನು 'ಹೊಸದು' ಎಂಬ ಅಪಶಬ್ದ ನನ್ನ ಬಾಯಿಂದಲೇ ಬರಬೇಕು, ಅಷ್ಟರಲ್ಲಿ ಅತ್ತೆ ಎದ್ದು ಬಂದರು. ಜ್ವರ ಬಂದ ಮಗುವಿನ ಮುಖ ಹಿಡಿಯುವ ಹಾಗೆ ಮಾನಿಟರನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲನೆ ಒಮ್ಮೆ ತಟ್ಟಿದರು.

ಪರದೆ ಝಗ್ಗನೆ ಬೆಳಗಿತು!

ನನ್ನ ಕಣ್ಣಲ್ಲಿ ನೀರು ಬಂತು. "ಕೈಗುಣ ಅಂದ್ರೆ ಇದು!" ಎಂದು ಕೂಗಿ, ಅಲ್ಲಿಯೇ ತೀರ್ಪು ಕೊಟ್ಟೆ: ವಸ್ತು ರಿಪೇರಿಯಾಗಿದೆ, ಹೊಸದು ಬೇಕಿಲ್ಲ. ಮಗಳು ವಿರೋಧಿಸಿದಳು. ಅತ್ತೆ ನನ್ನ ಕಡೆ ಮತ ಹಾಕಿದರು. "ಇನ್ನೂ ಗಟ್ಟಿಯಾಗಿದೆ ಪಾಪ, ಯಾಕೆ ಎಸೀಬೇಕು" ಎಂದರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ನಮ್ಮಿಬ್ಬರ ಮನಸ್ಸು ಇಷ್ಟು ಹತ್ತಿರ ಎಂದು ನನಗೆ ತಿಳಿದೇ ಇರಲಿಲ್ಲವಲ್ಲ ಎಂದು ಹೃದಯ ತುಂಬಿ ಬಂತು.

ತೊಂದರೆ ಇದ್ದದ್ದು ಒಂದೇ. ಅತ್ತೆ ಕೈ ತೆಗೆದು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಪರದೆ ಮತ್ತೆ ಕಪ್ಪಾಗುತ್ತಿತ್ತು. ಮತ್ತೆ ಅವರೇ ಬಂದು ತಟ್ಟಬೇಕು. ನಾವು ಎಷ್ಟು ತಟ್ಟಿದರೂ, ಉಜ್ಜಿದರೂ, ಮುದ್ದಿಸಿದರೂ ಅದಕ್ಕೆ ಲೆಕ್ಕವಿಲ್ಲ. ಹೀಗಾಗಿ ಅತ್ತೆಯ ಬೆತ್ತದ ಕುರ್ಚಿಯನ್ನೇ ಮೇಜಿನ ಪಕ್ಕಕ್ಕೆ ತಂದು ಹಾಕಿದೆವು. ಹೆಂಡತಿ ನಕ್ಷೆ ಬರೆಯುವುದು, ಪರದೆ ಆರಿದರೆ "ಅಮ್ಮ" ಎನ್ನುವುದು, ಅತ್ತೆ ಕೈ ಚಾಚುವುದು. ನನಗಂತೂ ಬಹಳ ಹೆಮ್ಮೆ. ಯಾವ ಕಂಪನಿ ಮಾಡಿಕೊಡುತ್ತದೆ ಇಂಥ ರಿಪೇರಿಯನ್ನು?

ಮಂಗಳವಾರ ಅತ್ತೆ ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಇದೇನೇ, ಈ ಮೂಲೇಲಿರೋದು?"

"ಅಡುಗೆಮನೆ ಅಮ್ಮ."

"ಓ. ನಾನು ಚಪ್ಪಲಿ ಬಿಡೋ ಜಾಗ ಅಂದ್ಕೊಂಡೆ."

"ಡಾಕ್ಟರು ಹೇಳಿದ ಅಳತೆ ಅದು."

"ಡಾಕ್ಟರು ಅಡುಗೆ ಮಾಡ್ತಾರಾ?"

ಅಷ್ಟರಲ್ಲಿ ಪರದೆ ಕಪ್ಪಾಯಿತು. ಹೆಂಡತಿ "ತಟ್ಟಮ್ಮ" ಎಂದಳು. ಅತ್ತೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿಟ್ಟುಸಿರು ಬಿಟ್ಟರು.

"ಯಾಕೋ ಕೈ ನೋಯ್ತಾ ಇದೆ ಕಣೇ. ಅಷ್ಟು ಚಿಕ್ಕ ಅಡುಗೆಮನೆ ನೋಡಿದ್ರೆ ನಂಗೆ ಹಾಗೇ ಆಗೋದು."

ಹೆಂಡತಿ ಹಲ್ಲು ಕಚ್ಚಿಕೊಂಡು ಅಡುಗೆಮನೆ ದೊಡ್ಡದು ಮಾಡುವುದಾಗಿ ಮಾತು ಕೊಟ್ಟಳು. ಕೈನೋವು ತಕ್ಷಣ ಮಾಯವಾಯಿತು. ಅಡುಗೆಮನೆ ಹಿಗ್ಗಿ ಡಾಕ್ಟರ ಎಕ್ಸ್‌ರೇ ಕೋಣೆಯ ಅರ್ಧವನ್ನು ನುಂಗಿತು. ಬುಧವಾರ ಅತ್ತೆಯ ಭುಜ ಹಿಡಿದುಕೊಂಡದ್ದರಿಂದ ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುವ ಕಿಟಕಿ ಬಂತು. ಕಿಟಕಿಯ ಪಕ್ಕ ಕಾಲು ಚಾಚಿ ಕೂರಲು ಕಟ್ಟೆ ಬಂತು. ಎಕ್ಸ್‌ರೇ ಕೋಣೆಯ ಉಳಿದರ್ಧವೂ ಹೋಯಿತು. ಗುರುವಾರ ಸೊಂಟ ಹಿಡಿಯಿತು. ಅಡುಗೆಮನೆಗೆ ಅಂಟಿಕೊಂಡು ಒಂದು ಹೊಸ ಕೋಣೆ ಹುಟ್ಟಿ, ಹಲ್ಲು ಕೀಳುವ ದೊಡ್ಡ ಕುರ್ಚಿ ಜಾಗ ಬಿಟ್ಟು ಮೆಟ್ಟಿಲ ಕೆಳಗೆ ಬಂದು ನಿಂತಿತು. ರೋಗಿ ಸ್ವಲ್ಪ ಜೋರಾಗಿ ಬಾಯಿ ತೆರೆದರೆ ತಲೆ ಮೆಟ್ಟಿಲಿಗೆ ತಾಗಬೇಕು, ಹಾಗೆ.

"ಇದು ಯಾರ ಕೋಣೆ ಅಮ್ಮ?" ಎಂದು ಹೆಂಡತಿ ಅಳುವ ದನಿಯಲ್ಲಿ ಕೇಳಿದಳು.

"ಇರಲಿ, ಬೇಕಾಗುತ್ತೆ" ಎಂದರು ಅತ್ತೆ.

ಅತ್ತೆಯ ಕೈ ನಕ್ಷೆಯಲ್ಲೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅದು ಮನೆಯ ಆಡಳಿತಕ್ಕೂ ಚಾಚಿತು. "ಅಳಿಯಂದಿರು ಒದ್ದೆ ಟವೆಲನ್ನ ನನ್ನ ಕುರ್ಚಿ ಮೇಲೆ ಹಾಕೋದು ಬಿಟ್ರೆ ಕೈಗೆ ಒಂಚೂರು ಬಲ ಬರಬಹುದು" ಎಂದರು ಒಂದು ಬೆಳಿಗ್ಗೆ, ಗಾಳಿಗೆ ಹೇಳಿದ ಹಾಗೆ. ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಟವೆಲ್ ತೆಗೆದೆ. ಸಂಜೆ ಏಳರ ಧಾರಾವಾಹಿಯ ಹೊತ್ತಿಗೆ ನನ್ನ ವಾರ್ತೆ ಬಂದ್ ಆಯಿತು. ನಾನು ಸ್ನಾನ ಮಾಡುವಾಗ ಹಾಡುವುದು ಬಂದ್ ಆಯಿತು. ಮಗಳು ಊಟದ ಹೊತ್ತಿಗೆ ಫೋನನ್ನು ಅಜ್ಜಿಯ ಕೈಗೆ ಒಪ್ಪಿಸಿ ಕೂರಬೇಕಾಯಿತು.

"ಅಜ್ಜಿ, ಇದು ದಬ್ಬಾಳಿಕೆ" ಎಂದಳು ಅವಳು.

"ಹೌದು ಮರಿ. ಇನ್ನೊಂಚೂರು ಸಾರು ಬಡಿಸು."

ಹೆಂಡತಿ ನನ್ನನ್ನು ಬಾಲ್ಕನಿಗೆ ಎಳೆದುಕೊಂಡು ಹೋದಳು. "ಈಗಲೇ ಹೋಗಿ ಹೊಸದು ತರ್ತೀನಿ. ಡಾಕ್ಟರ ಕ್ಲಿನಿಕ್ ಹೋಗಿ ಛತ್ರ ಆಗ್ತಾ ಇದೆ."

"ಚೆನ್ನಾಗಿ ಕೆಲಸ ಮಾಡೋ ವಸ್ತುವನ್ನ ಬದಲಾಯಿಸಿದ್ರೆ ನಾನು ಸ್ಟೋರಲ್ಲಿ ಯಾವ ಮುಖ ಇಟ್ಕೊಂಡು ಕೂರಲಿ? ಸಮಿತಿ ತೀರ್ಪು ಕೊಟ್ಟಾಗಿದೆ."

"ಈಗ ಜಗಳಕ್ಕೆ ನನಗೆ ಪುರುಸೊತ್ತಿಲ್ಲ. ಭಾನುವಾರ ಕಳೀಲಿ. ಆಮೇಲೆ ನಿಮ್ಮ ಸಮಿತಿಗೂ ನಿಮಗೂ ಒಟ್ಟಿಗೇ ಇದೆ."

ಆ ಸಂಜೆ ಅತ್ತೆಯ ಕಿರಿಯ ಮಗಳು ಫೋನು ಮಾಡಿ, ಅಮ್ಮನನ್ನು ಕೆಲವು ದಿನ ತನ್ನ ಮನೆಗೆ ಕಳಿಸಿ ಎಂದಳು. ಬೇರೆ ಯಾವ ಕಾಲದಲ್ಲಾದರೂ ನಾನೇ ಆಟೋ ಕರೆಸಿ, ಚೀಲ ಹೊತ್ತು ಕೂರಿಸಿ, ತಿರುವಿನ ತನಕ ಕೈಬೀಸುತ್ತಿದ್ದೆ. ಈಗ ಅತ್ತೆಯ ಕುರ್ಚಿಯ ಮುಂದೆ ಮೊಣಕಾಲೂರಿ ಕೂತು, "ನೀವು ಹೋದ್ರೆ ಮನೆ ಕತ್ತಲಾಗುತ್ತೆ ಅತ್ತೆ" ಎಂದೆ. ಅಕ್ಷರಶಃ ನಿಜ ಹೇಳಿದ್ದೆ. ಅಳಿಯಂದಿರ ಇತಿಹಾಸದಲ್ಲಿ ಇಂಥ ಮಾತು ಹಿಂದೆ ಯಾರೂ ಆಡಿರಲಾರರು. ಅತ್ತೆ ನನ್ನ ತಲೆ ಸವರಿ, "ಆಗಲಿ, ಇರ್ತೀನಿ. ಬೆನ್ನಿಗೆ ಒಂದು ದಿಂಬು ತಂದುಕೊಡಿ" ಎಂದರು. ನನ್ನದೇ ದಿಂಬು ತಂದುಕೊಟ್ಟೆ.

ಶನಿವಾರ ನಕ್ಷೆ ಮುಗಿಯಿತು. ಅಂದರೆ ಅತ್ತೆಗೆ ನೋಯುವ ಅಂಗಗಳು ಮುಗಿದವು. ಅದೇ ಸಂಜೆ ಆಫೀಸಿನ ಸಹೋದ್ಯೋಗಿ ಯಾವುದೋ ಕೆಲಸಕ್ಕೆ ಫೋನು ಮಾಡಿದ. ನನಗೆ ಬಾಯಿ ತುರಿಸಿತು. ನಮ್ಮ ಮಾನಿಟರಿನ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿ, ಕೊನೆಗೆ, "ನಮ್ಮನೆ ಕಂಪ್ಯೂಟರಿಗೆ ಕರೆಂಟೇ ಬೇಡ ಗುರುವೇ, ಒಂದು ಮುದುಕಿ ಇದ್ರೆ ಸಾಕು" ಎಂದು ಗಹಗಹಿಸಿ ನಕ್ಕೆ. ತಿರುಗಿ ನೋಡಿದರೆ ಹಿಂದೆ ಅತ್ತೆ. ನನ್ನ ದಿಂಬನ್ನು ನನ್ನ ಕೈಗಿತ್ತು, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರ ಬೆಳಿಗ್ಗೆಯೂ ಬಾಗಿಲು ತೆರೆಯಲಿಲ್ಲ. ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಎದುರಿನವರು ಮಾತಾಡುವಾಗ ಕಣ್ಣು ನೋಡದೆ ಹಲ್ಲು ನೋಡುವ ಮನುಷ್ಯ. ನಾನು ಬಾಯಿ ಮುಚ್ಚಿಕೊಂಡೇ ಸ್ವಾಗತಿಸಿ ಕೂರಿಸಿದೆ. ಎದುರಿಗೆ ಮಾನಿಟರ್, ಇದ್ದಿಲಿನಷ್ಟು ಕಪ್ಪು.

"ಬಿಸಿ ಆಗೋಕೆ ಸ್ವಲ್ಪ ಹೊತ್ತು ತಗೊಳ್ಳುತ್ತೆ ಡಾಕ್ಟ್ರೇ" ಎಂದು ತಟ್ಟಿದೆ. ಮತ್ತೆ ತಟ್ಟಿದೆ. ಬೆವರು ಇಳಿಯತೊಡಗಿತು. ಅತ್ತೆಯ ಬಾಗಿಲಿಗೆ ಓಡಿದೆ.

"ಅತ್ತೆ, ತಪ್ಪಾಯ್ತು, ಬಾಗಿಲು ತೆಗೀರಿ."

"ಯಾರದು?"

"ನಾನು. ನಿಮ್ಮ ಅಳಿಯ."

"ಮುದುಕಿಗೆ ಕಿವಿ ಕೇಳಲ್ಲ."

"ಟವೆಲ್ ಇನ್ನು ಜನ್ಮದಲ್ಲಿ ಕುರ್ಚಿ ಮೇಲೆ ಹಾಕಲ್ಲ. ಟೀವಿ ಪೂರ್ತಿ ನಿಮಗೇ."

"ಏನೂ ಕೇಳಿಸ್ತಾ ಇಲ್ಲಪ್ಪ."

ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ ಬಾಗಿಲಿಗೆ ಹಣೆ ಆನಿಸಿ ನಿಂತಳು. ಅವಳ ಮುಖ ನೋಡಿ ನನಗೆ ಮೊದಲ ಸಲ ನನ್ನ ಸಮಿತಿಯ ಮೇಲೆ ಜುಗುಪ್ಸೆ ಬಂತು. "ಅಮ್ಮ" ಎಂದಳು ಸಣ್ಣ ದನಿಯಲ್ಲಿ, "ಇವತ್ತು ಇದು ಆಗದಿದ್ರೆ ನಾನು ಮತ್ತೆ ಆ ಖಾಲಿ ಕುರ್ಚಿಗೇ ಹೋಗಿ ಕೂರಬೇಕು."

ಚಿಲಕ ಸರಿದ ಸದ್ದಾಯಿತು. ಅತ್ತೆ ತಲೆ ಬಾಚಿಕೊಂಡು, ಕನ್ನಡಕ ಹಾಕಿಕೊಂಡು, ತಯಾರಾಗಿಯೇ ನಿಂತಿದ್ದರು. ನನ್ನ ಕಡೆ ನೋಡದೆ ನೇರವಾಗಿ ಮೇಜಿನ ಬಳಿ ಹೋಗಿ, ಕುರ್ಚಿಯಲ್ಲಿ ಕೂತು, ಎರಡೂ ಕೈಯಲ್ಲಿ ಮಾನಿಟರನ್ನು ಹಿಡಿದು ತಟ್ಟಿದರು. ಪರದೆ ಬೆಳಗಿತು. ಡಾಕ್ಟರು ಇದೇನು ಪದ್ಧತಿ ಎಂಬಂತೆ ನನ್ನನ್ನು ನೋಡಿದರು. ನಾನು ಪರದೆಯನ್ನು ನೋಡಿದೆ. ಅಲ್ಲಿ ಮೈದಾನದಂಥ ಅಡುಗೆಮನೆಯೊಂದು ನಮ್ಮೆಲ್ಲರ ಎದುರು ಹರಡಿಕೊಂಡಿತ್ತು.

ಡಾಕ್ಟರು ಬಹಳ ಹೊತ್ತು ನೋಡಿದರು.

"ಎಕ್ಸ್‌ರೇ ರೂಮ್ ಎಲ್ಲಿ?"

"ಅದು ಅಡುಗೆಮನೆ ಒಳಗೆ ಸೇರ್ಕೊಂಡಿದೆ" ಎಂದೆ ನಾನು.

"ನನ್ನ ಪೇಷಂಟ್ ಕುರ್ಚಿ?"

"ಮೆಟ್ಟಿಲ ಕೆಳಗೆ ತಂಪಾಗಿದೆ."

"ಸಾರ್, ಮೊದಲನೇ ನಕ್ಷೆ ಬೇರೆ ಇದೆ, ಅದನ್ನೇ ತೋರಿಸ್ತೀನಿ" ಎಂದು ಹೆಂಡತಿ ತಡವರಿಸಿದಳು. ಡಾಕ್ಟರು ಕೈ ಎತ್ತಿ ತಡೆದು, ಅಡುಗೆಮನೆಗೆ ಅಂಟಿಕೊಂಡಿದ್ದ ಹೊಸ ಕೋಣೆಯ ಮೇಲೆ ಬೆರಳಿಟ್ಟರು.

"ಇದನ್ನ ನಾನು ಕೇಳಿರಲಿಲ್ಲ. ಯಾರಿಗಿದು?"

"ನಿಮ್ಮ ತಾಯಿಗೆ" ಎಂದರು ಅತ್ತೆ.

"ನಮ್ಮಮ್ಮ ನನ್ನ ಜೊತೆ ಇದ್ದಾರೆ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲಪ್ಪ. ನೀವು ಇವಳ ಹತ್ರ ಫೋನಲ್ಲಿ ಮಾತಾಡುವಾಗ ಇವಳು ಅದನ್ನ ಜೋರಾಗಿ ಇಟ್ಟಿರ್ತಾಳೆ. ಹಿಂದುಗಡೆ ಒಬ್ರು ಕೆಮ್ಮುತ್ತಾ ಇರ್ತಾರೆ. ಪ್ರತಿ ಸಲ 'ನನ್ನದೊಂದು ಮಾತು' ಅಂತ ಬರ್ತಾರೆ. ನೀವು 'ಆಮೇಲಮ್ಮ' ಅಂತೀರಿ. ಆ ಕೆಮ್ಮು ಹೊತ್ಕೊಂಡು ಅವರು ಮಹಡಿ ಹತ್ತೋದು ಬೇಡ ಅಂತ ಕೆಳಗೇ ಒಂದು ರೂಮು ಹಾಕಿಸಿದೆ."

ಹಲ್ಲಿನ ಡಾಕ್ಟರೊಬ್ಬರು ತಾವೇ ಬಾಯಿ ತೆರೆದುಕೊಂಡು ಕೂತದ್ದನ್ನು ನಾನು ಅಂದೇ ನೋಡಿದ್ದು. ಆಮೇಲೆ ಅವರು ಮೆಲ್ಲಗೆ ಫೋನು ತೆಗೆದು, ತಮ್ಮ ತಾಯಿಗೆ ಕರೆ ಮಾಡಿ, "ಅಮ್ಮ, ನಿನ್ನ ಮಾತು ಏನಿತ್ತು, ಇವರ ಹತ್ರ ಹೇಳು" ಎಂದು ಅತ್ತೆಯ ಕೈಗೆ ಕೊಟ್ಟರು. ಆಮೇಲೆ ನಡೆದದ್ದು ಇಬ್ಬರು ಹಿರಿಯರ ಶೃಂಗಸಭೆ. ಕಾಫಿ ಆರಿತು. ಇನ್ನೊಂದು ಸುತ್ತು ಕಾಫಿ ಬಂತು, ಅದೂ ಆರಿತು. ಅತ್ತೆ ಒಂದು ಕೈಯಲ್ಲಿ ಫೋನು ಹಿಡಿದ ಕಾರಣ ಮಾನಿಟರ್ ಮತ್ತೆ ಕಪ್ಪಾಗಿತ್ತು, ಅದು ಯಾರಿಗೂ ಬೇಕಾಗಿರಲೂ ಇಲ್ಲ. ಕೊನೆಗೆ ಅತ್ತೆ ಫೋನಿಗೆ ಕೈ ಅಡ್ಡ ಹಿಡಿದು, "ಅಡುಗೆಮನೆ ಇನ್ನೊಂಚೂರು ದೊಡ್ಡದಾಗಬೇಕಂತೆ" ಎಂದರು.

ಡಾಕ್ಟರು ಎಕ್ಸ್‌ರೇ ಕೋಣೆಯನ್ನು ಮಹಡಿಗೆ ಸಾಗಿಸಲು ಒಪ್ಪಿ, ಹಲ್ಲಿನ ಕುರ್ಚಿಯನ್ನು ಮೆಟ್ಟಿಲ ಕೆಳಗಿಂದ ಈಚೆ ಎಳೆಸಿಕೊಂಡು, ಕೆಲಸವನ್ನು ನನ್ನ ಹೆಂಡತಿಗೇ ಕೊಟ್ಟು ಹೋದರು. ಅವಳು ಅತ್ತೆಯನ್ನು ತಬ್ಬಿಕೊಂಡು ಅತ್ತಳು. ನಾನು ತಬ್ಬಲು ಹೋದಾಗ ಇಬ್ಬರೂ ಜಾಗ ಕೊಡಲಿಲ್ಲ.

ಸೋಮವಾರ ಸಂಜೆ ಮನೆಗೆ ಬರುವಷ್ಟರಲ್ಲಿ ಮೇಜಿನ ಮೇಲೆ ಹೊಸ ಮಾನಿಟರ್ ಕೂತಿತ್ತು. ವಿಚಾರಣೆಯಿಲ್ಲ, ತೀರ್ಪಿಲ್ಲ, ಅಧ್ಯಕ್ಷರಿಗೊಂದು ಮಾತಿಲ್ಲ. ಹಳೆಯದು ಬಾಗಿಲ ಹೊರಗೆ, ನನ್ನ ಚಪ್ಪಲಿಗಳ ಪಕ್ಕದಲ್ಲಿತ್ತು. ಎರಡನ್ನೂ ಒಟ್ಟಿಗೆ ಇಟ್ಟಿದ್ದರ ಅರ್ಥ ನನಗೆ ತಿಳಿಯದೆ ಇರಲಿಲ್ಲ. ಆದರೂ ಎಸೆಯಲು ಮನಸ್ಸು ಬರಲಿಲ್ಲ. ಮರುದಿನ ಅದನ್ನು ಎತ್ತಿಕೊಂಡು ಆಫೀಸಿಗೆ ಹೋದೆ. ಸ್ಟೋರಿನ ಅನಾಥರ ನಡುವೆ ಇದಕ್ಕೂ ಒಂದು ಜಾಗ ಸಿಗಲಿ ಎಂದು.

"ಇದೇನಾ ಸಾರ್ ಮುದುಕಿ ಮಾನಿಟರ್?" ಎಂದು ಸಹೋದ್ಯೋಗಿ ಹಿಂದಿನ ಟೇಪನ್ನು ಚರ್ರನೆ ಕಿತ್ತ. ವೈರು ತಾನಾಗಿಯೇ ಕಳಚಿ ಅವನ ಕೈಗೆ ಬಂತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅದನ್ನು ಟಕ್ಕೆಂದು ಒತ್ತಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗೋಡೆಯ ಪ್ಲಗ್ಗಿಗೆ ಹಾಕಿದ. ಮಾನಿಟರ್ ಬೆಳಗಿತು. ಒಂದು ಗಂಟೆ ಬೆಳಗಿತು, ಊಟದ ಹೊತ್ತಿನಲ್ಲೂ ಬೆಳಗಿತು, ಆಫೀಸಿನವರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿ ಹೋಗುವಾಗಲೂ ಬೆಳಗುತ್ತಲೇ ಇತ್ತು.

"ಇದನ್ನ ಇಷ್ಟು ಸಡಿಲವಾಗಿ ಸಿಕ್ಕಿಸಿ, ಮೇಲೆ ಟೇಪು ಬೇರೆ ಸುತ್ತಿದ ಪುಣ್ಯಾತ್ಮ ಯಾರು ಸಾರ್?"

ನಾನು ಕುರ್ಚಿಗಳನ್ನು ಎಣಿಸುತ್ತಿರುವವನಂತೆ ಗೋಡೆಯ ಕಡೆ ತಿರುಗಿದೆ.

ಮನೆಗೆ ಬಂದವನೇ ಅತ್ತೆಯ ಮುಂದೆ ನಿಂತೆ. ಅವರು ಟೀವಿ ನೋಡುತ್ತಿದ್ದರು, ಬೆನ್ನಿಗೆ ನನ್ನ ದಿಂಬು ಮತ್ತೆ ಬಂದಿತ್ತು.

"ಅತ್ತೆ, ನಿಜ ಹೇಳಿ. ಹಿಂದಿನ ವೈರು ಸಡಿಲ ಇದ್ದದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಟೇಪಿನ ಮೇಲಿಂದ ಬೆರಳಲ್ಲಿ ಒತ್ತಿ ಹಿಡ್ಕೊಂಡ್ರೆ ಬೆಳಕು ಬರ್ತಿತ್ತು. ತಟ್ಟೋದು ಸುಮ್ನೆ, ನಿಮಗೆ ಸಮಾಧಾನಕ್ಕೆ."

"ಮತ್ತೆ ಒಂದು ಮಾತು ಹೇಳಬಾರದಿತ್ತಾ?"

ಅತ್ತೆ ಟೀವಿಯ ಸದ್ದು ತಗ್ಗಿಸಿ, ನನ್ನ ಕಡೆ ಪೂರ್ತಿ ತಿರುಗಿ ಕೂತರು.

"ಹೇಳಿದೆನಲ್ಲ ಅಳಿಯಂದಿರೇ. ಮೊದಲನೇ ದಿನ, ನೀವು ಟೇಪು ಸುತ್ತುತ್ತಾ ಇದ್ದಾಗಲೇ ಪಕ್ಕದಲ್ಲಿ ನಿಂತು ಎರಡು ಸಲ ಹೇಳಿದೆ. ನೀವು ತಲೆ ಕೂಡ ಎತ್ತಲಿಲ್ಲ. 'ಆಮೇಲೆ ಅತ್ತೆ, ಈಗ ಸಮಿತಿ ಶುರುವಾಗುತ್ತೆ' ಅಂದ್ರಿ."